ಶಾಸಕರ ಪಟ್ಟಿಗಳೂ ಕ್ಷೇತ್ರದ ಎಲ್ಲೆಗಳೂ

ಚರಿತ್ರೆಯ ಬರಹಗಳಲ್ಲಿ ಪಟ್ಟಿಯಷ್ಟು ನಿರ್ದುಷ್ಟವಾಗಿ ಕಾಣುವ ಭಾಗ ಮತ್ತೊಂದಿಲ್ಲ. ಅದರಲ್ಲಿ ವಾಕ್ಯವಿಲ್ಲ, ವಿಶೇಷಣವಿಲ್ಲ, ಅಲಂಕಾರವಿಲ್ಲ. ಇಸವಿ, ಹೆಸರು, ಪಕ್ಷ ಎಂಬ ಮೂರು ಅಂಕಣಗಳು ಮಾತ್ರ. ಇಲ್ಲಿ ವಾದಕ್ಕೆ ಎಡೆಯೇ ಇಲ್ಲವೆಂದು ಓದುವವನು ನಂಬುತ್ತಾನೆ. ಆದರೆ ಒಂದರ ಕೆಳಗೆ ಒಂದನ್ನು ಬರೆದೊಡನೆಯೇ ಮೇಲಿನದಕ್ಕೂ ಕೆಳಗಿನದಕ್ಕೂ ಸಂಬಂಧವುಂಟೆಂದು ಹೇಳಿದಂತಾಯಿತು. ರಾಜವಂಶಾವಳಿಗಳನ್ನು ಪರೀಕ್ಷಿಸಿದವರಿಗೆ ಈ ಮಾತು ಹೊಸದಲ್ಲ. ತಾಲ್ಲೂಕು ದರ್ಶನಗಳಲ್ಲಿಯೂ, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿಯೂ, ಸ್ಪರ್ಧಾಪರೀಕ್ಷೆಗಳ ಕೈಪಿಡಿಗಳಲ್ಲಿಯೂ “ನಮ್ಮ ಕ್ಷೇತ್ರದ ಶಾಸಕರು” ಎಂಬ ತಲೆಬರಹದಲ್ಲಿ ಅಚ್ಚಾಗುವ ಪಟ್ಟಿಗಳನ್ನೂ ಹಾಗೆಯೇ ಒಂದು ಗ್ರಂಥಜಾತಿಯೆಂದು ಭಾವಿಸಿ ಪರೀಕ್ಷಿಸಬೇಕೆಂಬುದು ಈ ಲೇಖನದ ಉದ್ದೇಶ. ಉದಾಹರಣೆಗೆ ತೆಗೆದುಕೊಂಡಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ. ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಅವುಗಳಲ್ಲಿ ವಿಧಾನಸಭಾ ಕ್ಷೇತ್ರದ ಹೆಸರಾಗಿ ಉಳಿದಿರುವುವು ನಾಲ್ಕೇ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಉಪಾಧ್ಯಾಯರ ಒಂದು ಗೋಷ್ಠಿಯಲ್ಲಿ ಇಂಥದೊಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಾತನಾಡಿದೆನು. ಹಡಗಲಿಯ ಜನ ೧೯೮೩, ೧೯೮೫, ೧೯೯೪, ೨೦೦೪ ಹೀಗೆ ನಾಲ್ಕು ಸಲ ಗೆಲ್ಲಿಸಿದ ಎಂ. ಪಿ. ಪ್ರಕಾಶರನ್ನು ೨೦೦೮ರಲ್ಲಿ ಕೈಬಿಟ್ಟರು. ಉಪಮುಖ್ಯಮಂತ್ರಿಯಾಗಿದ್ದವರನ್ನು, ಊರಿನಲ್ಲಿ ರಂಗಭಾರತಿಯನ್ನು ಕಟ್ಟಿ ನಾಟಕಕ್ಕೆ ನೆಲೆ ಮಾಡಿಕೊಟ್ಟವರನ್ನು ಬಿಡುವುದಕ್ಕೂ ಹಿಂದೆಗೆಯದ ಈ ನಿರ್ದಾಕ್ಷಿಣ್ಯವೇ ಪ್ರಜಾಪ್ರಭುತ್ವದ ಲಕ್ಷಣ ಎಂದು ಸ್ವಲ್ಪ ಗಂಟಲೆತ್ತರಿಸಿಯೇ ಹೇಳಿದೆನು. ಚಪ್ಪಾಳೆಯೂ ಆಯಿತು. ಸಭೆ ಮುಗಿದ ಮೇಲೆ ಹಡಗಲಿಯ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ಹತ್ತಿರ ಬಂದು, “ಪಂಡಿತರೇ, ತಪ್ಪು ತಿಳಿಯಬ್ಯಾಡ್ರಿ. ಆ ಸಲ ಅವರು ನಮ್ಮಲ್ಲಿ ನಿಲ್ಲೋಹಂಗೇ ಇರಲಿಲ್ಲ. ನಾವು ಬಿಡೋದೆಲ್ಲಿಂದ ಬಂತು?” ಎಂದರು.

ಅವರ ಮಾತು ಅಕ್ಷರಶಃ ನಿಜ. ೨೦೦೨ರ ಕಾಯಿದೆಯ ಮೇರೆಗೆ ನ್ಯಾಯಮೂರ್ತಿ ಕುಲದೀಪ್ ಸಿಂಗರ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷೇತ್ರ ಪುನರ್ವಿಂಗಡಣಾ ಆಯೋಗವು ೨೦೦೧ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಎಲ್ಲೆಗಳನ್ನು ಬದಲಿಸಿತು. ಕರ್ನಾಟಕದಲ್ಲಿ ಆ ಎಲ್ಲೆಗಳು ಮೊದಲು ಬಳಕೆಗೆ ಬಂದುದು ೨೦೦೮ರ ಚುನಾವಣೆಯಲ್ಲಿ. ಅಲ್ಲಿಯವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹರಪನಹಳ್ಳಿ ಸಾಮಾನ್ಯವಾಯಿತು. ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಕೊಟ್ಟೂರು ಎಂಬ ಕ್ಷೇತ್ರವೇ ಇಲ್ಲವಾಗಿ ಹಗರಿಬೊಮ್ಮನಹಳ್ಳಿ ಎಂಬುದು, ಅದೂ ಪರಿಶಿಷ್ಟ ಜಾತಿಗೆ ಮೀಸಲಾಗಿ, ಹುಟ್ಟಿತು. ಅಂದರೆ ಈ ಸೀಮೆಯ ಕ್ಷೇತ್ರಗಳಲ್ಲಿ ಒಂದಾದರೂ ೨೦೦೪ರಲ್ಲಿದ್ದಂತೆ ೨೦೦೮ರಲ್ಲಿ ಇರಲಿಲ್ಲ. ಪ್ರಕಾಶರು ಹರಪನಹಳ್ಳಿಗೆ ಹೋಗಿ ಕಾಂಗ್ರೆಸ್ಸಿನಿಂದ ನಿಂತು ಜಿ. ಕರುಣಾಕರ ರೆಡ್ಡಿಯವರ ಎದುರು ಸೋತರು. ಹರಪನಹಳ್ಳಿಯ ಹಿಂದಿನ ಪ್ರತಿನಿಧಿಗಳಲ್ಲೊಬ್ಬರಾದ ಪಿ. ಟಿ. ಪರಮೇಶ್ವರ ನಾಯ್ಕರು ಹಡಗಲಿಗೆ ಬಂದು ೨೦೧೩ರಲ್ಲಿಯೂ ೨೦೧೮ರಲ್ಲಿಯೂ ಗೆದ್ದರು. ಒಬ್ಬರು ಅತ್ತ, ಒಬ್ಬರು ಇತ್ತ. ಇಬ್ಬರನ್ನೂ ದಾಟಿಸಿದುದು ಮತದಾರನ ಮನಸ್ಸಲ್ಲ, ನಕ್ಷೆಯ ಮೇಲಿನ ಗೆರೆ. ನಾನು ಹಿಡಿದಿದ್ದ ಪಟ್ಟಿಯಲ್ಲಿ ಆ ಗೆರೆ ಇರಲಿಲ್ಲ. ೨೦೦೪ರ ಸಾಲಿನ ಕೆಳಗೆ ೨೦೦೮ರ ಸಾಲು, ಅದರಲ್ಲಿ ಬಿ. ಚಂದ್ರ ನಾಯ್ಕರ ಹೆಸರು, ಎಡೆಯಲ್ಲಿ ಏನೂ ಇಲ್ಲ. ಆ ಬರಿದನ್ನು ನಾನು ನನ್ನ ಕಲ್ಪನೆಯಿಂದ ತುಂಬಿಸಿದೆನು.

ಇಂಥ ದೋಷವು ನಮ್ಮ ಹಿಂದಿನವರ ಬರಹಗಳಲ್ಲಿ ಅಪರೂಪವೆಂಬುದನ್ನು ಗಮನಿಸಬೇಕು. ಈ ಐದು ತಾಲ್ಲೂಕುಗಳು ಶಾಸನಸಮೃದ್ಧವಾದ ಭೂಮಿ. ಹರಪನಹಳ್ಳಿಯ ಕಡೆ ಬಾಗಳಿಯ ಕಲ್ಲೇಶ್ವರ ದೇವಾಲಯವೊಂದೇ ಸಾಕು. ಹಡಗಲಿಯ ಕಡೆ ಕುರುವತ್ತಿ, ಮಾಗಳ, ಹಿರೇಹಡಗಲಿಗಳಿವೆ. ಅಲ್ಲಿನ ದತ್ತಿಶಾಸನಗಳಲ್ಲಿ ರಾಜನ ಬಿರುದಾವಳಿಗೆ ಮಿತಿಯಿಲ್ಲದಿರಬಹುದು, ದಾನಿಯ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಕೊಟ್ಟ ನೆಲದ ವಿಷಯಕ್ಕೆ ಬಂದಾಗ ಶಾಸನಕಾರನು ಒಮ್ಮೆಲೇ ಕರಣಿಕನಾಗುತ್ತಾನೆ. ಎಷ್ಟು ಮತ್ತರು, ಯಾವ ಕೋಲಿನ ಅಳತೆ, ಮೂಡಲು ಯಾವ ಕಲ್ಲು, ತೆಂಕಲು ಯಾವ ಹಳ್ಳ, ಪಡುವಲು ಯಾರ ಕೆಯ್, ಬಡಗಲು ಯಾವ ದಾರಿ ಎಂದು ನಾಲ್ಕು ದಿಕ್ಕುಗಳನ್ನೂ ಕಟ್ಟಿದ ಮೇಲೆಯೇ ಅಪಹರಿಸಿದವನಿಗೆ ಶಾಪ. ಒಂದು ಹೂದೋಟಕ್ಕೆ ಎಲ್ಲೆ ಹೇಳದೆ ಬಿಡದ ಸೀಮೆಯಲ್ಲಿ ಲಕ್ಷಾಂತರ ಜನರ ಕ್ಷೇತ್ರಕ್ಕೆ ಎಲ್ಲೆ ಹೇಳದ ಚರಿತ್ರೆ ಹುಟ್ಟಿಕೊಂಡಿರುವುದು ಸೋಜಿಗವೇ ಸರಿ. ಪಟ್ಟಿಕಾರರು ಶಾಸನದಿಂದ ಬಿರುದಾವಳಿಯನ್ನು ತೆಗೆದುಕೊಂಡು ಎಲ್ಲೆಯನ್ನು ಬಿಟ್ಟರು, ತೆಗೆದುಕೊಳ್ಳಬೇಕಾದದ್ದು ಎರಡನೆಯದು.

ಪಟ್ಟಿಗಳ ಆರಂಭದಲ್ಲಿಯೂ ಒಂದು ಪಾಠದೋಷವಿದೆ. ಕೆಲವು ೧೯೫೭ರಿಂದ ತೊಡಗುತ್ತವೆ. ಕೆಲವು ೧೯೫೨ರಿಂದ ತೊಡಗಿ ಎಲ್ಲವನ್ನೂ “ಕರ್ನಾಟಕ ವಿಧಾನಸಭೆ” ಎಂಬ ಒಂದೇ ತಲೆಬರಹದ ಕೆಳಗೆ ಹಾಕುತ್ತವೆ. ೧೯೫೨ರಲ್ಲಿ ಬಳ್ಳಾರಿ ಜಿಲ್ಲೆ ಮದರಾಸು ಸಂಸ್ಥಾನದಲ್ಲಿದ್ದಿತು. ಈ ಊರುಗಳ ಮತದಾರರು ಮೊದಲ ಮಹಾಚುನಾವಣೆಯಲ್ಲಿ ಆರಿಸಿ ಕಳುಹಿಸಿದುದು ೩೭೫ ಸ್ಥಾನಗಳ ಮದರಾಸು ಶಾಸನಸಭೆಗೆ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರವು ಬೇರೆಯಾದಾಗ ಆದೋನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಆರಿಸಿದ ಸಭೆಯೊಂದು, ಅವಧಿ ಮುಗಿಸಿದ ಸಭೆಯೊಂದು! ಇಂಥ ವಿಷಯವನ್ನು ಒಂದು ತಲೆಬರಹದಿಂದ ಒರಸಿಹಾಕಿದರೆ, ಕನ್ನಡನಾಡಿನ ಏಕೀಕರಣದಲ್ಲಿ ಈ ಸೀಮೆ ಪಟ್ಟ ಪಾಡೆಲ್ಲ ವಿದ್ಯಾರ್ಥಿಗೆ ಕಾಣದೆ ಹೋಗುತ್ತದೆ.

ಕೂಡ್ಲಿಗಿಯ ಪಟ್ಟಿಯನ್ನು ನೋಡಿ. ೧೯೯೯ರಲ್ಲಿ ಸಿರಾಜ್ ಶೇಖ್, ೨೦೦೪ರಲ್ಲಿ ಅನಿಲ್ ಲಾಡ್, ೨೦೦೮ರಲ್ಲಿ ಬಿ. ನಾಗೇಂದ್ರ, ೨೦೧೩ರಲ್ಲಿ ಮತ್ತೆ ಅವರೇ ಪಕ್ಷೇತರರಾಗಿ, ೨೦೧೮ರಲ್ಲಿ ಎನ್. ವೈ. ಗೋಪಾಲಕೃಷ್ಣ, ೨೦೨೩ರಲ್ಲಿ ಡಾ. ಎನ್. ಟಿ. ಶ್ರೀನಿವಾಸ್. ಮೊದಲ ಎರಡು ಸಾಲುಗಳಿಗೂ ಉಳಿದವಕ್ಕೂ ನಡುವೆ ಒಂದು ದೊಡ್ಡ ಕಾರಣವಿದೆ. ಅದು ಕೂಡ್ಲಿಗಿಯಲ್ಲಿ ಹುಟ್ಟಿದ ಕಾರಣವೂ ಅಲ್ಲ, ಚುನಾವಣೆಯ ಕಾರಣವೂ ಅಲ್ಲ. ೧೯೯೧ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯ ಒಂದು ನಮೂದಿಗೆ ನಾಯಕ, ಬೇಡ, ವಾಲ್ಮೀಕಿ ಮೊದಲಾದ ಪರ್ಯಾಯನಾಮಗಳು ಸೇರಿದುವು. ಹತ್ತು ವರ್ಷಗಳ ಬಳಿಕದ ಜನಗಣತಿಯಲ್ಲಿ ಆ ಹೆಸರುಗಳು ಸಂಖ್ಯೆಗಳಾದುವು. ಪಂಗಡದ ಮೀಸಲು ಸ್ಥಾನಗಳನ್ನು ಆ ಜನ ಅತಿ ಹೆಚ್ಚಿನ ಪ್ರಮಾಣದಲ್ಲಿರುವ ಕಡೆ ಇಡಬೇಕೆಂಬುದು ಕಾಯಿದೆಯ ನಿಯಮವಾದುದರಿಂದ, ಕರ್ನಾಟಕದ ೨೨೪ ಸ್ಥಾನಗಳಲ್ಲಿ ಅಲ್ಲಿಯವರೆಗೆ ೨ ಮಾತ್ರವಿದ್ದ ಪಂಗಡದ ಮೀಸಲು ೨೦೦೮ರಲ್ಲಿ ೧೫ ಆಯಿತು. ಜಾತಿಯ ಮೀಸಲು ೩೩ರಿಂದ ೩೬ಕ್ಕೆ ಏರಿತು. ಆ ಹದಿನೈದರಲ್ಲಿ ಕೂಡ್ಲಿಗಿ ಒಂದು. ಪರ್ಯಾಯಪದಗಳ ಸೇರ್ಪಡೆಯೊಂದು ಹದಿನೇಳು ವರ್ಷಗಳ ಮೇಲೆ ಒಂದು ಸೀಮೆಯ ಪ್ರಾತಿನಿಧ್ಯವನ್ನೇ ತಿರುಗಿಸಿತು. ನಿಘಂಟಿನ ಕೆಲಸಕ್ಕೆ ಲೋಕದಲ್ಲಿ ಬೆಲೆಯಿಲ್ಲವೆಂದು ಕೊರಗುವ ನಮ್ಮವರು ಇದನ್ನು ನೆನೆಯಬಹುದು.

ಇದೇ ಸಂದರ್ಭದಲ್ಲಿ ನಾಯಕ, ನಾಯ್ಕ ಎಂಬ ರೂಪಗಳ ವಿಷಯವನ್ನೂ ಹೇಳಬೇಕಾಗಿದೆ. ಎರಡಕ್ಕೂ ಮೂಲ “ನೀ” ಧಾತು, ನಡೆಸುವವನು ನಾಯಕ. ಹರಪನಹಳ್ಳಿಯ ಪಾಳೆಯಗಾರರೂ ನಾಯಕರೇ, ತಾಂಡದ ಹಿರಿಯನೂ ನಾಯಕನೇ. ಈ ಕಡೆಯ ವಾಡಿಕೆಯಲ್ಲಿ ದೀರ್ಘವಾಗಿ ನಾಯಕ ಎಂದು ಬರೆದರೆ ವಾಲ್ಮೀಕಿ ಜನ, ಒತ್ತಕ್ಷರದಿಂದ ನಾಯ್ಕ ಎಂದರೆ ಲಂಬಾಣಿ ಜನ ಎಂದು ತಿಳಿಯುವುದುಂಟು. ಮೊದಲನೆಯವರದು ಪಂಗಡದ ಪಟ್ಟಿ, ಎರಡನೆಯವರದು ಜಾತಿಯ ಪಟ್ಟಿ. ಆದರೆ ಕಾಯಿದೆಯ ಪಂಗಡದ ನಮೂದಿನಲ್ಲಿ ಎರಡು ರೂಪಗಳೂ ಒಟ್ಟಿಗೇ ಇವೆ. ಆದಕಾರಣ ಕಾಗುಣಿತದಿಂದ ಜಾತಿಯನ್ನೂ, ಜಾತಿಯಿಂದ ಕ್ಷೇತ್ರದ ಮೀಸಲನ್ನೂ ಊಹಿಸುವುದು ಪ್ರಮಾಣವಾಗಲಾರದು. ಪಟ್ಟಿಗಳಲ್ಲಾದರೋ ಒಬ್ಬರ ಹೆಸರೇ ಒಂದು ಸಾಲಿನಲ್ಲಿ ನಾಯಕ, ಇನ್ನೊಂದರಲ್ಲಿ ನಾಯ್ಕ, ಮತ್ತೊಂದರಲ್ಲಿ ನಾಯಕ್ ಎಂದು ಅಚ್ಚಾಗಿರುತ್ತದೆ. ಕಾವ್ಯದಲ್ಲಿ ಒಂದು ಪಾಠಾಂತರಕ್ಕೆ ಪುಟಗಟ್ಟಲೆ ಬರೆಯುವ ನಾವು ಇಲ್ಲಿ ಸುಮ್ಮನಿರುವುದು ಸರಿಯಲ್ಲ.

ಹರಪನಹಳ್ಳಿಯ ಸ್ಥಿತಿ ಎಲ್ಲಕ್ಕಿಂತ ವಿಚಿತ್ರ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. ಹಾಗಾಗಿ ೨೦೧೨ರ ೯೮ನೆಯ ತಿದ್ದುಪಡಿಯಿಂದ ಬಂದ ೩೭೧(ಜೆ) ವಿಧಿಯ ವಿಶೇಷ ಸೌಲಭ್ಯ ಬಳ್ಳಾರಿ ಜಿಲ್ಲೆಗೆ ದೊರೆತಾಗ ಹರಪನಹಳ್ಳಿಗೆ ದೊರೆಯಲಿಲ್ಲ. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆದರೆ ಲೋಕಸಭೆಯ ಲೆಕ್ಕದಲ್ಲಿ ಅದು ದಾವಣಗೆರೆಗೇ ಸೇರಿದೆ. ನೆರೆಯ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿಗೆ. ಕ್ಷೇತ್ರಗಳ ಕ್ರಮಸಂಖ್ಯೆಯಲ್ಲಿ ಹಡಗಲಿ ೮೮, ಹಗರಿಬೊಮ್ಮನಹಳ್ಳಿ ೮೯, ಕೂಡ್ಲಿಗಿ ೯೬; ಹರಪನಹಳ್ಳಿ ಮಾತ್ರ ಜಗಳೂರು, ಹರಿಹರಗಳ ನಡುವೆ ೧೦೪. ಊರು ಜಿಲ್ಲೆ ಬದಲಿಸಿತು, ಸಂಖ್ಯೆ ಹಳೆಯ ಜಿಲ್ಲೆಯನ್ನು ಬಿಡಲಿಲ್ಲ. ಕೋಗಳಿ ೫೦೦, ನೊಳಂಬವಾಡಿ ೩೨೦೦೦ ಎಂಬಲ್ಲಿ ಆ ಸಂಖ್ಯೆ ಊರುಗಳದೋ ಆದಾಯದ್ದೋ ಎಂದು ನಮ್ಮಲ್ಲಿ ಇನ್ನೂ ಚರ್ಚೆಯಿದೆಯಷ್ಟೆ. ಮುಂದೊಂದು ಕಾಲದ ಸಂಶೋಧಕನು ೧೦೪ನ್ನು ಕಂಡು ಏನೆಂದು ತಲೆ ಕೆಡಿಸಿಕೊಳ್ಳುವನೋ!

ಹರಪನಹಳ್ಳಿಯ ಈಚಿನ ನಾಲ್ಕು ಸಾಲುಗಳು ವಂಶಾವಳಿಯ ಭ್ರಾಂತಿಗೆ ತಾನಾಗಿಯೇ ಎಡೆಗೊಡುತ್ತವೆ. ೨೦೦೮ರಲ್ಲಿ ಕರುಣಾಕರ ರೆಡ್ಡಿ, ೨೦೧೩ರಲ್ಲಿ ಪ್ರಕಾಶರ ಮಗ ಎಂ. ಪಿ. ರವೀಂದ್ರ, ೨೦೧೮ರಲ್ಲಿ ಮತ್ತೆ ರೆಡ್ಡಿ, ೨೦೨೩ರಲ್ಲಿ ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ್. ಆದರೆ ತಂದೆ ಗೆದ್ದ ಊರು ಹಡಗಲಿ. ಮಕ್ಕಳು ಗೆದ್ದುದು ತಂದೆ ಸೋತ ಊರಿನಲ್ಲಿ. ಮಗಳು ಗೆದ್ದುದಂತೂ ಪಕ್ಷೇತರಳಾಗಿ, ಕಾಂಗ್ರೆಸ್ಸಿಗೆ ಬೆಂಬಲವಿತ್ತುದು ಆಮೇಲೆ. ಇದನ್ನು ಪರಂಪರೆಯೆನ್ನುವುದಾದರೆ ತಡೆದು ತಡೆದು ಬಂದ ಪರಂಪರೆಯೆನ್ನಬೇಕು.

ಹಗರಿಬೊಮ್ಮನಹಳ್ಳಿಯಲ್ಲಿ ದೋಷವಿರುವುದು ಮೂರನೆಯ ಅಂಕಣದಲ್ಲಿ. ಪಕ್ಷಗಳನ್ನು ಮಾತ್ರ ಓದಿದರೆ ೨೦೦೮ರಲ್ಲಿ ಭಾರತೀಯ ಜನತಾ ಪಕ್ಷ, ೨೦೧೩ರಲ್ಲಿ ಜಾತ್ಯತೀತ ಜನತಾದಳ, ೨೦೧೮ರಲ್ಲಿ ಕಾಂಗ್ರೆಸ್, ೨೦೨೩ರಲ್ಲಿ ಮತ್ತೆ ಜನತಾದಳ. ಪ್ರತಿ ಸಲವೂ ಬದಲಾವಣೆ. ಹೆಸರುಗಳನ್ನು ಮಾತ್ರ ಓದಿದರೆ ಕೆ. ನೇಮಿರಾಜ ನಾಯ್ಕ, ಎಲ್. ಬಿ. ಪಿ. ಭೀಮಾ ನಾಯ್ಕ, ಭೀಮಾ ನಾಯ್ಕ, ನೇಮಿರಾಜ ನಾಯ್ಕ, ಇದ್ದವರು ಇಬ್ಬರೇ. ಭೀಮಾ ನಾಯ್ಕರು ೨೦೧೬ರ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಆಜ್ಞೆಯನ್ನು ಮೀರಿ ಮತ ಹಾಕಿದ ಜನತಾದಳದವರಲ್ಲೊಬ್ಬರು. ಬಳಿಕ ಕಾಂಗ್ರೆಸ್ಸನ್ನು ಸೇರಿದರು. ಅವರು ಇಳಿಸಿದ ತೆನೆಯ ಹೊರೆಯನ್ನು ೨೦೨೩ರಲ್ಲಿ ಹೊತ್ತವರು ಅವರ ಎದುರಾಳಿಯೇ. ಪಕ್ಷದ ಅಂಕಣ ಹೇಳುವ ಕಥೆಯೇ ಬೇರೆ, ಹೆಸರಿನ ಅಂಕಣ ಹೇಳುವ ಕಥೆಯೇ ಬೇರೆ. ಒಟ್ಟಿಗೆ ಓದಿದರೆ ತಿಳಿಯುವುದೇನೆಂದರೆ, ಇಲ್ಲಿ ಪಕ್ಷವೆಂಬುದು ಮನೆಯಲ್ಲ, ಛತ್ರ. ಇದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ತೆರನಾಗಿ ಓದಬಹುದು. ಪಟ್ಟಿ ಸ್ವತಃ ಯಾವ ಅಭಿಪ್ರಾಯಕ್ಕೂ ಆಧಾರ ಕೊಡುವುದಿಲ್ಲ.

ಕೊಟ್ಟೂರಿನ ಪ್ರಶ್ನೆ ಇದಕ್ಕಿಂತ ಗಹನವಾದುದು. ಹಗರಿಬೊಮ್ಮನಹಳ್ಳಿಯು ಕೊಟ್ಟೂರಿಗೆ ಬಂದ ಆದೇಶವೇ? ವ್ಯಾಕರಣದಲ್ಲಿ ಒಂದು ವರ್ಣದ ಅಥವಾ ಪದದ ಸ್ಥಾನದಲ್ಲಿ ಬಂದುದಕ್ಕೆ ಆದೇಶವೆಂದು ಹೆಸರು. ಅದು ಸ್ಥಾನಿಯಂತೆಯೇ ನಡೆಯುತ್ತದೆಂದು ಪಾಣಿನಿಯ ಮತ, ಕೆಲವು ಕಾರ್ಯಗಳನ್ನು ಬಿಟ್ಟು. ಆ ನ್ಯಾಯದಂತೆ ಕೊಟ್ಟೂರಿನ ಹಳೆಯ ಶಾಸಕರನ್ನು ಹಗರಿಬೊಮ್ಮನಹಳ್ಳಿಯ ಪಟ್ಟಿಯ ತಲೆಗೆ ಸೇರಿಸುವ ಆಸೆ ಪಟ್ಟಿಕಾರನಿಗೆ ಸಹಜ. ಪಟ್ಟಿ ಉದ್ದವಾದಷ್ಟು ಗೌರವ ಹೆಚ್ಚೆಂಬ ಭಾವನೆಯುಂಟಷ್ಟೆ. ಆದರೆ ಇಲ್ಲಿ ಸ್ಥಾನಿಯ ಧರ್ಮವು ಆದೇಶಕ್ಕೆ ಬಂದಿಲ್ಲ. ಹಳೆಯದು ಸಾಮಾನ್ಯ, ಹೊಸದು ಮೀಸಲು. ಹೆಸರು ಬೇರೆ, ಎಲ್ಲೆ ಬೇರೆ. ಕೊಟ್ಟೂರು ಪಟ್ಟಣವು ಹೊಸ ಕ್ಷೇತ್ರದೊಳಕ್ಕೆ ಬಂದಿತೆಂಬುದಷ್ಟರಿಂದ ಒಂದರ ಚರಿತ್ರೆ ಇನ್ನೊಂದರದಾಗದು. ಗುರು ಕೊಟ್ಟೂರೇಶ್ವರನ ತೇರಿಗೆ ಸುತ್ತಣ ಜಿಲ್ಲೆಗಳಿಂದ ಜನ ಸೇರುವ ಊರು ೨೦೦೮ರಲ್ಲಿ ಕ್ಷೇತ್ರವೆನಿಸುವುದನ್ನು ಕಳೆದುಕೊಂಡಿತು. ಸುಮಾರು ಹತ್ತು ವರ್ಷಗಳ ಮೇಲೆ ತಾಲ್ಲೂಕೆನಿಸಿತು. ತಾಲ್ಲೂಕಾಗದಿದ್ದಾಗ ಶಾಸಕನ ಹೆಸರಿನೊಡನೆ ಊರಿನ ಹೆಸರಿತ್ತು. ತಾಲ್ಲೂಕಾದ ಮೇಲೆ ಅದಿಲ್ಲ. ಅಲ್ಲಿನವರಿಗೆ ಇದು ಎಷ್ಟರಮಟ್ಟಿನ ನೋವೆಂಬುದು ಪಟ್ಟಿಯಿಂದ ತಿಳಿಯುವುದಿಲ್ಲ, ಏಕೆಂದರೆ ಇಲ್ಲದ ಕ್ಷೇತ್ರಕ್ಕೆ ಪಟ್ಟಿಯನ್ನು ಯಾರೂ ಅಚ್ಚು ಹಾಕುವುದಿಲ್ಲ.

ಈ ದೋಷಗಳಿಗೆಲ್ಲ ಬೀಜವು “ಶಾಸಕ” ಎಂಬ ಪದದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. “ಶಾಸ್” ಎಂದರೆ ಆಜ್ಞಾಪಿಸು, ಶಿಕ್ಷಿಸು, ಉಪದೇಶಿಸು. ಶಾಸನವನ್ನು ಮಾಡುವವನು ಎಂಬ ಅರ್ಥದಲ್ಲಿ ಈ ಪದ ಬಂದಿತೆಂದು ಸಮಾಧಾನ ಹೇಳಬಹುದು. ಆದರೆ ಕಿವಿಗೆ ಬೀಳುವುದು ಆಳುವವನೆಂಬ ಅರ್ಥವೇ. ಆಳುವವರನ್ನು ಸಾಲಾಗಿ ನಿಲ್ಲಿಸಿದರೆ ಅದು ವಂಶಾವಳಿಯಾಗದೆ ಮತ್ತೇನಾದೀತು? ಮೈಸೂರಿನವರು ೧೮೮೧ರಲ್ಲಿ ತಮ್ಮ ಸಭೆಗೆ ಪ್ರಜಾಪ್ರತಿನಿಧಿ ಸಭೆಯೆಂದು ಹೆಸರಿಟ್ಟರು. ಅಧಿಕಾರ ಅಲ್ಪವಾಗಿದ್ದರೂ ಹೆಸರು ಯುಕ್ತವಾಗಿತ್ತು. ಪ್ರತಿನಿಧಿಯೆಂಬುದು ಮೀಮಾಂಸಕರ ಪಾರಿಭಾಷಿಕ ಪದ. ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇದರ ವಿಚಾರವಿದೆ. ವ್ರೀಹಿ ದೊರೆಯದಿದ್ದರೆ ನೀವಾರವನ್ನು ತೆಗೆದುಕೊಳ್ಳಬಹುದು. ಆದರೆ ಸಿಕ್ಕಿದ್ದನ್ನಲ್ಲ, ಸದೃಶವಾದುದನ್ನೇ ತೆಗೆದುಕೊಳ್ಳಬೇಕು. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ, ಏಕೆಂದರೆ ಫಲ ಅವನದು. ಅನೇಕರು ಯಜಮಾನರಾಗಿರುವ ಸತ್ರದಲ್ಲಿ ಒಬ್ಬನು ಮಡಿದರೆ ಸಂಖ್ಯೆಯನ್ನು ತುಂಬುವುದಕ್ಕೆ ಬೇರೊಬ್ಬನನ್ನು ತರಬಹುದು. ಅವನು ಕರ್ಮವನ್ನು ಮಾಡುವನು, ಸ್ವಾಮಿಯಾಗನು. ಈ ವಿಚಾರವನ್ನು ಪೂರ್ತಿಯಾಗಿ ರಾಜ್ಯಶಾಸ್ತ್ರಕ್ಕೆ ಹೊಂದಿಸಲು ಹೊರಟರೆ ನಗೆಗೀಡಾದೇನು. ಆದರೂ ಸಾದೃಶ್ಯ ಬೇಕೆಂಬುದೂ, ಕರ್ತೃವಿಗೆ ಫಲವಿಲ್ಲವೆಂಬುದೂ ಆ ಪದದೊಳಗೆ ಅಡಗಿವೆ. ಶಾಸಕ ಎಂಬುದರಲ್ಲಿ ಅವೆರಡೂ ಇಲ್ಲ. ಪ್ರತಿನಿಧಿ ಎಂದೊಡನೆ “ಯಾರ?” ಎಂಬ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆಗೆ ಉತ್ತರ ಎಲ್ಲೆಯಲ್ಲಿದೆ.

“ಮೀಸಲು” ಎಂಬ ಪದಕ್ಕಾಗಿರುವ ಅವಸ್ಥೆ ಇನ್ನೂ ಖೇದಕರ. ದೇವರಿಗೆಂದು ಮೊದಲೇ ತೆಗೆದಿಟ್ಟ ಹಾಲು ಮೀಸಲು, ಧಾನ್ಯ ಮೀಸಲು. ಉಳಿದುದಕ್ಕಿಂತ ಅದಕ್ಕೆ ಮರ್ಯಾದೆ ಹೆಚ್ಚು. ಈಗಲಾದರೋ “ನಮ್ಮ ಕ್ಷೇತ್ರ ಮೀಸಲಿಗೆ ಹೋಯಿತು” ಎಂದು ಹೊಳೆಗೆ ಹೋದ ಹೊಲದ ಹಾಗೆ ಆಡುತ್ತಾರೆ. ಹೋದದ್ದು ಎಲ್ಲಿಗೆ? ಮತ ಹಾಕುವವರು ಅವರೇ, ಊರು ಅದೇ. ಪಟ್ಟಿಗಳೂ ಮೀಸಲನ್ನು ಆವರಣ ಚಿಹ್ನೆಯೊಳಗೆ ಹಾಕಿ, ಅಥವಾ ಅದನ್ನೂ ಹಾಕದೆ, ಈ ಮಾತಿಗೆ ಇಂಬು ಕೊಡುತ್ತವೆ. ಮೀಸಲನ್ನು ಒಂದು ಅಂಕಣವಾಗಿಯೇ ಮಾಡಿ ಅದು ಯಾವ ವರ್ಷದಿಂದ, ಯಾವ ಆದೇಶದಿಂದ ಎಂದು ಬರೆಯಬೇಕು.

ಇದಕ್ಕೆ ಒಂದು ಆಕ್ಷೇಪವನ್ನು ಊಹಿಸಬಹುದು. ಪಟ್ಟಿಯೆಂಬುದು ಪಟ್ಟಿಯಾಗಿರಬೇಕು, ಎಲ್ಲೆ, ಮೀಸಲು, ಜಿಲ್ಲೆ, ಸಭೆ ಎಂದು ಎಲ್ಲವನ್ನೂ ತುಂಬಿದರೆ ಓದುವವರಾರು, ವಿವರ ಬೇಕಾದವರು ಗೆಜೆಟಿಯರನ್ನು ನೋಡಿಕೊಳ್ಳಲಿ ಎಂದು. ನೋಡಿಕೊಳ್ಳುವುದಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಸಂಸ್ಕೃತ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿ, ಪಾಠಾಂತರಗಳನ್ನು ಅನುಮಾನದಿಂದ ನೋಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು ಮೂರು ಅಂಕಣಗಳ ಮುಂದೆ ಮೋಸಹೋದ ಮೇಲೆ ಎಳೆಯ ವಿದ್ಯಾರ್ಥಿಗಳ ಪಾಡೇನು? ಅಲ್ಲದೆ ಎಲ್ಲೆಗಳು ಸ್ಥಿರವೆಂದು ನಂಬಿ ಕೂಡುವಂತಿಲ್ಲ. ಸಂವಿಧಾನದ ೮೪ನೆಯ ತಿದ್ದುಪಡಿಯು ಸಭೆಗಳ ಸ್ಥಾನಸಂಖ್ಯೆಯನ್ನು ಕಟ್ಟಿಹಾಕಿದುದು ೨೦೨೬ರ ಬಳಿಕದ ಮೊದಲ ಜನಗಣತಿಯವರೆಗೆ ಮಾತ್ರ. ಮತ್ತೆ ಗೆರೆಗಳು ಸರಿದಾಗ ಇಂದಿನ ಹೆಸರುಗಳಲ್ಲಿ ಯಾವುದು ಉಳಿಯುವುದೋ, ಯಾವುದು ಕೊಟ್ಟೂರಿನ ದಾರಿ ಹಿಡಿಯುವುದೋ ತಿಳಿಯದು. ಆಗ ಹೊಸ ಪಟ್ಟಿಗಳನ್ನು ಬರೆಯುವವರು ನಮ್ಮ ವಿದ್ಯಾರ್ಥಿಗಳೇ.

ಆ ಉಪಾಧ್ಯಾಯರಿಗೆ ಬಳಿಕ ಒಂದು ಕಾಗದ ಬರೆದು, ಈ ಐದು ಊರುಗಳ ಪಟ್ಟಿಯನ್ನು ಎಲ್ಲೆಸಹಿತವಾಗಿ ಸಿದ್ಧಮಾಡಲು ನೆರವಾಗಬೇಕೆಂದು ಕೇಳಿಕೊಂಡೆನು. ಅವರು ಒಪ್ಪಿ ಮೊದಲು ಕಳುಹಿಸಿದುದು ಹಡಗಲಿಯದನ್ನಲ್ಲ, ಕೊಟ್ಟೂರಿನದನ್ನು. ಅದರ ಕೊನೆಯ ಸಾಲುಗಳು ಹೀಗಿವೆ: “ಕೊಟ್ಟೂರು. ೨೦೦೪ರ ಚುನಾವಣೆಯ ತರುವಾಯ ಈ ಹೆಸರಿನ ಕ್ಷೇತ್ರವಿಲ್ಲ. ಪಟ್ಟಣವು ೨೦೦೮ರಿಂದ ೮೯ನೆಯ ಕ್ಷೇತ್ರಕ್ಕೆ ಸೇರಿದೆ. ಮುಂದಿನದಕ್ಕೆ ಹಗರಿಬೊಮ್ಮನಹಳ್ಳಿಯನ್ನು ನೋಡುವುದು. ಹಿಂದಿನದಕ್ಕೆ ಅಲ್ಲಿ ನೋಡಬಾರದು.”